ಚಿಕ್ಕಪ್ಪ ಬಿಟ್ಟುಕೊಟ್ಟ ನನ್ನ ಕೆಲಸ

ಕೆಜಿಎಫ್‌ನಲ್ಲಿ ಆಷಾಢದ ಗಾಳಿಗೆ ಒಂದು ರುಚಿ ಇದೆ. ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಮೇಲಿನ ನುಣ್ಣನೆಯ ಪುಡಿ ಎದ್ದು ಬಂದು ತುಟಿಯ ಮೇಲೆ, ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಎಷ್ಟು ಬಾಯಿ ಮುಕ್ಕಳಿಸಿದರೂ ಪೂರ್ತಿ ಹೋಗುವುದಿಲ್ಲ. ಮೊನ್ನೆ ಚಾಂಪಿಯನ್ ರೀಫ್ಸಿನಲ್ಲಿ ನನ್ನ ಚಿಕ್ಕಪ್ಪನ ಮಗ ವೆಂಕಟೇಶನ ಮನೆ ಮುಂದೆ, ಪಟಪಟ ಹೊಡೆದುಕೊಳ್ಳುತ್ತಿದ್ದ ಶಾಮಿಯಾನದ ಕೆಳಗೆ ಕೂತು ಕೇಸರಿಬಾತು ಬಾಯಿಗಿಟ್ಟರೆ ಅದೇ ಪುಡಿ ಕರಕರ ಎಂದಿತು. ವೆಂಕಟೇಶ ಆಸ್ಪತ್ರೆಯ ವಾರ್ಡ್‌ಬಾಯ್ ಕೆಲಸದಿಂದ ರಿಟೈರಾದ ಸಂತೋಷದ ಊಟ ಅದು. ಹೊಸ ಪಂಚೆ ಉಟ್ಟು, ಕೊರಳಿಗೆ ಹಾರ ಹಾಕಿಕೊಂಡು, ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದ: "ಇವ್ರೇ ನಮ್ಮಕ್ಕ. ಇವ್ರು ಬಿಟ್ಕೊಟ್ಟ ಕೆಲ್ಸಾನೇ ನಾನು ಇಷ್ಟು ವರ್ಸ ಮಾಡಿದ್ದು."

ಬಿಟ್ಟುಕೊಟ್ಟ ಕೆಲಸವಂತೆ! ನಾನು ಯಾವ ಕೆಲಸವನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಮುದುಕಿಯಾದೆ, ತಲೆ ಬೆಳ್ಳಗಾಯಿತು, ಎಷ್ಟೋ ಜನರ ಮೇಲಿನ ಸಿಟ್ಟು ತಾನಾಗಿ ಇಳಿದುಹೋಯಿತು. ಇದೊಂದು ಇಳಿದಿಲ್ಲ. ಇಳಿಯಬೇಕು ಎಂದು ನನಗೆ ಅನ್ನಿಸಿಯೂ ಇಲ್ಲ.

ಅರವತ್ತರ ದಶಕದ ನಡುವಿನ ಮಾತು. ನಂದಿದುರ್ಗ ಗಣಿಯ ಕಡೆಯ ಕಾರ್ಮಿಕರ ಸಾಲುಮನೆಗಳ ಲೈನುಗಳು ಮುಗಿಯುವಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಗಣಿಗೂ ಅದಕ್ಕೂ ಸಂಬಂಧವಿರಲಿಲ್ಲ, ಯಾರೋ ಶ್ರೀಮಂತರ ಟ್ರಸ್ಟು ಅದನ್ನು ನಡೆಸುತ್ತಿತ್ತು. ನಾನು ಅಲ್ಲಿ ನರ್ಸು. ಬೆಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ, ಸರ್ಟಿಫಿಕೇಟು ಹಿಡಿದು ಬಂದು ಕೆಲವು ವರ್ಷ ಆಗಿತ್ತು. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅನ್ನಮ್ಮ ಎಂಬ ಮಲಯಾಳಿ ನರ್ಸಿನ ಜೊತೆ ಒಂದೇ ಕೋಣೆಯಲ್ಲಿ ವಾಸ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ರಾಗಿ ಹೊಲ, ಎರಡು ಹಸು ನೋಡಿಕೊಂಡಿದ್ದಳು. ಗಣಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಮುನಿಶಾಮಪ್ಪ ನನ್ನನ್ನು ತನ್ನ ಲೈನ್ ಮನೆಗೆ ಕರೆತಂದು ಸ್ಕೂಲಿಗೆ ಹಾಕಿದವನು. ಹೆಣ್ಣುಮಗಳು ನರ್ಸಾಗುವುದೇ ಎಂದು ನೆಂಟರೆಲ್ಲ ಮೂಗು ಮುರಿದಾಗ, "ನನ್ ಅಣ್ಣನ್ ಮಗ್ಳು, ನಾನ್ ಓದುಸ್ತೀನಿ, ನಿಮ್ಗೇನ್ ಕಷ್ಟ?" ಎಂದು ಬಾಯಿ ಮುಚ್ಚಿಸಿದವನೂ ಅವನೇ. ಇದನ್ನು ನಾನು ಮರೆತಿಲ್ಲ. ಮುಂದೆ ಹೇಳುವ ಸಂಗತಿ ನನ್ನನ್ನು ಇಷ್ಟು ಸುಟ್ಟದ್ದು ಇದಕ್ಕಾಗಿಯೇ.

ನಮ್ಮ ವಾರ್ಡಿನಲ್ಲಿ ಆರ್ಮುಗಂ ಎಂಬ ರೋಗಿ ಇದ್ದ. ಹರೆಯವನ್ನೆಲ್ಲ ನೆಲದಡಿಯಲ್ಲಿ ಬಂಡೆ ಕೊರೆದು ಕಳೆದು, ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡು ಮೇಲೆ ಬಂದವನು. ಮಲಗಿದರೆ ಉಸಿರು ನಿಲ್ಲುತ್ತಿತ್ತು. "ಸಿಸ್ಟರಮ್ಮಾ, ಮೂಚ್ಚು ಮುಟ್ಟುದು" ಎಂದು ನನ್ನ ಸೆರಗಿಗೆ ಕೈ ಚಾಚುತ್ತಿದ್ದ. ಉಸಿರು ಕಟ್ಟುತ್ತಿದೆ ಎನ್ನುವುದಕ್ಕೆ ತಮಿಳು ಬರಬೇಕಾಗಿರಲಿಲ್ಲ, ಅವನ ಕಣ್ಣು ನೋಡಿದರೆ ಸಾಕಿತ್ತು. ಹಾಸಿಗೆಯ ಮೇಲೆ ಒಂದು ಸಣ್ಣ ಮೇಜಿಟ್ಟು, ಅದರ ಮೇಲೆ ದಿಂಬು ಹಾಕಿ, ಮುಂದಕ್ಕೆ ಬಾಗಿ ತಲೆಯಿಟ್ಟುಕೊಳ್ಳುವಂತೆ ಕೂರಿಸುತ್ತಿದ್ದೆ. ಹಾಗೆ ಕೂತರೆ ಅವನಿಗೆ ಸ್ವಲ್ಪ ಆರಾಮ. ಟ್ರೈನಿಂಗಿನಲ್ಲಿ ಹಾಗೆ ಮಾಡಬೇಕೆಂದು ಕಲಿಸಿದ್ದರು, ಏಕೆಂದು ಕಲಿಸಿರಲಿಲ್ಲ. ಒಂದು ದಿನ ರೌಂಡ್ಸಿಗೆ ಬಂದ ಸೂಪರಿಂಟೆಂಡೆಂಟ್ ಡಾಕ್ಟರನ್ನು ಕೇಳಿಬಿಟ್ಟೆ. "ಸಾರ್, ಮುಂದಕ್ಕೆ ಬಾಗಿದರೆ ಉಸಿರಾಡೋದು ಯಾಕೆ ಸುಲಭ ಆಗುತ್ತೆ?"

ಅವರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಅದೆಲ್ಲ ನಿಮಗ್ಯಾಕಮ್ಮ? ಹೇಳಿದಷ್ಟು ಮಾಡಿ."

ಹಿಂದೆ ಬರುತ್ತಿದ್ದ ಕಾಂಪೌಂಡರೂ ನಕ್ಕ. ಬೆಡ್‌ಪ್ಯಾನ್ ಎತ್ತಿದ್ದಕ್ಕೆ, ವಾಂತಿ ಬಳಿದದ್ದಕ್ಕೆ ನನಗೆ ಎಂದೂ ಅವಮಾನ ಆಗಿರಲಿಲ್ಲ. ಆವತ್ತು ಆಯಿತು. ಕೋಣೆಗೆ ಬಂದು ಟೋಪಿಯ ಪಿನ್ನು ಕಿತ್ತು ಮೇಜಿನ ಮೇಲೆ ಎಸೆದೆ. ಅನ್ನಮ್ಮ ತಲೆ ಬಾಚುತ್ತಿದ್ದವಳು ತಿರುಗಿ ನೋಡಿ, ನಡೆದದ್ದನ್ನೆಲ್ಲ ಕೇಳಿಕೊಂಡಳು. ತನ್ನ ಹರಕು ಕನ್ನಡದಲ್ಲಿ ಹೇಳಿದಳು: "ಕೋಪ ಬಂದ್ರೆ ಪಿನ್ ಬಿಸಾಡೋದು ಯಾಕೆ? ಹೋಗಿ ಓದು. ನಮ್ಮ ಟ್ರಿವೇಂಡ್ರಮ್‌ನಲ್ಲಿ ಉಂಟಲ್ಲ."

ಅಲ್ಲಿ ಸರ್ಟಿಫಿಕೇಟು ಪಡೆದು ಕೆಲಸದಲ್ಲಿರುವ ನರ್ಸುಗಳಿಗೆಂದೇ ನರ್ಸಿಂಗಿನಲ್ಲಿ ಬಿ.ಎಸ್ಸಿ. ಶುರುವಾಗಿತ್ತು. ಎರಡು ವರ್ಷದ ಓದು, ಅಲ್ಲೇ ಇದ್ದು ಓದಬೇಕು. ಶರೀರಶಾಸ್ತ್ರದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ, ಏಕೆ ಎಂಬುದರ ಸಮೇತ ಕಲಿಸುತ್ತಾರೆ ಎಂದಳು. ಮುಗಿಸಿದರೆ ಕಲಿಸುವ ಸಿಸ್ಟರೂ ಆಗಬಹುದು. ಆ ಸಂಜೆ ನನಗೆ ಊಟವೇ ಸೇರಲಿಲ್ಲ. ಇಂಥದೊಂದು ಓದು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಆ ಬೇಸಿಗೆಯೆಲ್ಲ ನನಗೆ ಬುದ್ಧಿ ಹೇಳುವವರ ಸಾಲೇ ಸಾಲು. ಡಿಗ್ರಿ ಬೇಕು ಅಷ್ಟೇ ತಾನೆ, ಇಲ್ಲೇ ಕೆಲಸ ಮಾಡಿಕೊಂಡು ಪ್ರೈವೇಟಾಗಿ ಬಿ.ಎ. ಕಟ್ಟು ಎಂದು ಎಲ್ಲರೂ ಒಂದೇ ರಾಗ. ಡಿಗ್ರಿ ಅಂದರೆ ಡಿಗ್ರಿ, ಅದರಲ್ಲಿ ಇದು ಯಾವುದು ಅದು ಯಾವುದು ಎಂದು ಯಾರು ನೋಡುತ್ತಾರೆ ಎಂದರು ಡಾಕ್ಟರು. ಹಳ್ಳಿಗೆ ಹೋದೆ. ಅವ್ವ ಎಂದಿನಂತೆ ಕೊಟ್ಟಿಗೆ ಪಕ್ಕದಲ್ಲಿ ಬಿಸಿನೀರಿನ ಹಂಡೆ ಇಟ್ಟಿದ್ದಳು. ಸತ್ತವರನ್ನು ಮುಟ್ಟುವ ಕೈ, ಸ್ನಾನ ಮಾಡದೆ ನಾನು ಹೊಸಿಲು ದಾಟುವಂತಿರಲಿಲ್ಲ. ಅದೇ ಊರಿನಲ್ಲಿ ಯಾರದಾದರೂ ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ಇದೇ ಕೈಯನ್ನು ಹುಡುಕಿಕೊಂಡು ಬರುತ್ತಿದ್ದರು. ಒದ್ದೆ ಕೂದಲಲ್ಲೇ ಕೂತು ಅವ್ವನಿಗೆ ವಿಷಯ ಹೇಳಿದೆ.

"ಅಷ್ಟ್ ದೂರ ಯಾಕೆ ಓಗ್ತೀಯೇ? ಬಿಯೇ ಓದು. ಬಿಯೇ ಓದ್ದೋಳು ಅಂದ್ರೆ ಗಂಡಿನೋರೂ ಒಪ್ತಾರೆ. ನರ್ಸು ಅಂತ ಏಳೋ ಅಂಗೇ ಇಲ್ಲ."

"ಬಿ.ಎ. ಪುಸ್ತಕದಲ್ಲಿ ಆರ್ಮುಗಂ ಎದೆ ವಿಷಯ ಇರಲ್ಲವ್ವ" ಎಂದೆ.

"ಯಾರೇ ಅವ್ನು ಆರ್ಮುಗ?" ಎಂದು ಅವ್ವ ಗಾಬರಿಯಾಗಿ ರಾಗಿ ಮೊರ ಕೆಳಗಿಟ್ಟಳು. ನಗು ಬಂತು, ಸಿಟ್ಟೂ ಬಂತು.

ಆಯ್ಕೆ ಮಾಡುವುದು ನಾನು, ಓದುವುದು ನಾನು, ಅದಕ್ಕೆಂದು ಸಂಬಳದಲ್ಲಿ ಉಳಿಸಿದವಳೂ ನಾನು. ನರ್ಸಿಂಗನ್ನು ಮರೆಮಾಚುವುದಕ್ಕೆ ಒಂದು ಡಿಗ್ರಿ ನನಗೆ ಬೇಕಿರಲಿಲ್ಲ. ಟ್ರಿವೇಂಡ್ರಮ್ಮಿಗೆ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಡಾಕ್ಟರ ಮುಂದೆ ನಿಂತು, ಎರಡು ವರ್ಷ ಸಂಬಳವಿಲ್ಲದ ರಜೆ ಕೊಡಿ, ಮುಗಿಸಿ ಇದೇ ವಾರ್ಡಿಗೆ ಬರುತ್ತೇನೆ ಎಂದೆ. ಬೇಡ ಎನ್ನಲು ಅವರಿಗೆ ಕಾರಣವಿರಲಿಲ್ಲ. ಮುಖ ಸಿಂಡರಿಸಿಕೊಂಡೇ "ಆಗಲಿ, ಹೋಗಿ ಬನ್ನಿ" ಎಂದರು. ನನಗೆ ಆ ಬಾಯಿಮಾತೇ ಸಾಕಾಯಿತು. ತಿರುಗಿ ಬರಲು ಒಂದು ವಾರ್ಡು ಇದೆ ಎಂಬ ಧೈರ್ಯದ ಮೇಲೆ ನಾನು ಎರಡು ವರ್ಷವನ್ನು ಪಣಕ್ಕಿಟ್ಟಿದ್ದೆ.

ಆಷಾಢ ಹುಟ್ಟಿತು. ಗಾಳಿ ಎದ್ದು, ತಂತಿಯ ಮೇಲೆ ಒಣಗಿದ ವಾರ್ಡಿನ ದುಪ್ಪಟಿಗಳೆಲ್ಲ ಉಪ್ಪುಕಾಗದದ ಹಾಗೆ ಒರಟಾದವು. ಹೊರಡಲು ಇನ್ನೇನು ಒಂದು ವಾರ ಇದ್ದಿರಬೇಕು, ಒಂದು ಸಂಜೆ ಚಿಕ್ಕಪ್ಪ ಕ್ವಾರ್ಟರ್ಸಿಗೆ ಬಂದ. ಉಪ್ಪಿಟ್ಟು ಮಾಡಿ ಬಡಿಸಿದೆ, ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡು ತಿಂದ. ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದ. ಕೆಮ್ಮಿಗೆ ಔಷಧ ಕೇಳಲು ಇರಬೇಕು ಎಂದುಕೊಂಡು ಹೇಳಿದೆ. ಬೇರೆ ಒಂದು ಮಾತನ್ನೂ ಅವನು ಆಡಲಿಲ್ಲ.

ಎರಡು ದಿನ ಬಿಟ್ಟು ಬೆಳಗಿನ ಡ್ಯೂಟಿಗೆ ಹೋದರೆ ವಾರ್ಡಿನ ಬಾಗಿಲಲ್ಲಿ ವೆಂಕಟೇಶ ನಿಂತಿದ್ದ. ಮೀಸೆ ಸರಿಯಾಗಿ ಚಿಗುರದ ಹುಡುಗ. ಅಳತೆಗಿಂತ ದೊಡ್ಡದಾದ ಬಿಳಿ ಅಂಗಿ, ಬಿಳಿ ಚಡ್ಡಿ. ಕೈಯಲ್ಲಿ ಫಿನಾಯಿಲಿನ ಬಕೆಟ್ಟು.

"ಏನೋ ಇದು ವೇಷ?" ಎಂದೆ.

"ಕೆಲ್ಸಕ್ ಸೇರ್ಕೊಂಡೆ ಅಕ್ಕ, ಇವತ್ತಿಂದ" ಎಂದ, ಬಾಯಿ ತುಂಬ ನಗುತ್ತ. "ನಿನ್ನ ಬದ್ಲು. ಅಪ್ಪ ಮೊನ್ನೆ ಬಂದು ಡಾಕ್ಟ್ರತ್ರ ಏಳಿ ಓದ್ನಲ್ಲ, ನಮ್ಮುಡುಗಿ ಕೆಲ್ಸ ಬಿಡ್ತಾವ್ಳೆ, ಅವ್ಳ ಬದ್ಲು ಇವನ್ನ ತಗೊಳ್ಳಿ ಅಂತ. ನಿಂಗ್ ಗೊತ್ತಿಲ್ವಾ?"

ಗಣಿಯ ಸುತ್ತಲಿನ ಜನರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಹೊರಗಿನವರಿಗೆ ಹೇಳಬೇಕು. ನಮ್ಮ ಲೈನುಗಳಲ್ಲಿ ಕೆಲಸ ಎನ್ನುವುದು ಒಬ್ಬನದ್ದಲ್ಲ, ಮನೆಯದು. ಅಪ್ಪ ಗಣಿ ಬಿಟ್ಟರೆ ಅವನ ಬದಲು ಮಗ, ಮಗ ಇಲ್ಲದಿದ್ದರೆ ತಮ್ಮನೋ ಅಳಿಯನೋ ಇಳಿಯಬೇಕು ಎಂದು ಎಲ್ಲರೂ ನಂಬಿದ್ದರು. ಮನೆಯ ಹಿರಿಯ ಹೋಗಿ ಮಾತಾಡಿ ತನ್ನವನೊಬ್ಬನನ್ನು ಸೇರಿಸುವುದೇ ಅಲ್ಲಿನ ವಾಡಿಕೆ. ಚಿಕ್ಕಪ್ಪ ಅದೇ ವಾಡಿಕೆಯನ್ನು ಹೊತ್ತು ಧರ್ಮಾಸ್ಪತ್ರೆಗೆ ಬಂದಿದ್ದ. ನರ್ಸಿನ ಕೆಲಸಕ್ಕೆ ಓದಿರಬೇಕು, ಅದು ಕೈಯಿಂದ ಕೈಗೆ ದಾಟಿಸುವಂಥದ್ದಲ್ಲ ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ. ಅವನಿಗೆ ಹೊಳೆದಿರಲಿಲ್ಲ, ಸರಿ. ಡಾಕ್ಟರಿಗೆ?

ಟೋಪಿಯನ್ನೂ ಹಾಕಿಕೊಳ್ಳದೆ ಅವರ ಕೋಣೆಗೆ ನುಗ್ಗಿದೆ.

"ನಿಮ್ಮ ಮನೆಯ ಹಿರಿಯರೇ ಬಂದು ನೀವು ಕೆಲಸ ಬಿಡ್ತೀರಿ ಅಂತ ಹೇಳಿ ಹೋದ್ರಲ್ಲಮ್ಮ" ಎಂದರು ಅವರು. "ಹಿರಿಯರ ಮಾತನ್ನ ಇಲ್ಲ ಅನ್ನೋಕಾಗುತ್ತಾ? ಹುಡುಗನಿಗೂ ಒಂದು ದಾರಿ ಮಾಡಿಕೊಟ್ಟಿದ್ದೀನಿ."

"ನಾನು ಇದೇ ವರಾಂಡದಲ್ಲಿ ಇದ್ದೆ ಸಾರ್. ನನ್ನನ್ನ ಕರೆದು ಒಂದು ಮಾತು ಕೇಳೋಕೆ ಏನಾಗಿತ್ತು? ರಜೆ ಕೊಡ್ತೀನಿ ಅಂದವರು ನೀವೇ ಅಲ್ವಾ?"

"ಮನೆ ಜಗಳ ಮನೇಲಿ ತೀರಿಸ್ಕೊಳ್ಳಿ. ಆ ಜಾಗಕ್ಕೆ ಇನ್ನು ನರ್ಸು ಬೇಡ ಅಂತ ಟ್ರಸ್ಟಿನವರಿಗೂ ಹೇಳಿಯಾಯ್ತು." ಅಷ್ಟು ಹೇಳಿ ಸ್ವಲ್ಪ ಮೆತ್ತಗಾದರು. "ಅಷ್ಟಕ್ಕೂ ನಿಮಗೆ ಇಲ್ಲೇ ಇರೋ ಮನಸ್ಸಿದ್ರೆ ಟೆಂಪರರಿ ಅಂತ ಇಟ್ಕೋತೀನಿ. ಇಲ್ಲಿದ್ದುಕೊಂಡು ಆ ಬಿ.ಎ. ಕಟ್ಟಿ. ಟ್ರಿವೇಂಡ್ರಮ್ ಗಿವೇಂಡ್ರಮ್ ಬಿಡಿ."

ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಚಿಕ್ಕಪ್ಪ ಗೊತ್ತಿಲ್ಲದೆ ತಂದುಕೊಟ್ಟದ್ದನ್ನು ಈ ಮನುಷ್ಯ ಗೊತ್ತಿದ್ದೇ ತೆಗೆದುಕೊಂಡಿದ್ದರು. ಒಬ್ಬ ನರ್ಸಿನ ಜಾಗದಲ್ಲಿ ಅಗ್ಗದ ಒಬ್ಬ ವಾರ್ಡ್‌ಬಾಯ್, ಏಕೆ ಎಂದು ಕೇಳುವ ಬಾಯಿಯೂ ಹೊರಗೆ. ಹೆಂಗಸು ದುಡಿಯುತ್ತಾಳೆ, ರಾತ್ರಿಯೆಲ್ಲ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ, ಆದರೆ ಅವಳ ರಾಜೀನಾಮೆಯನ್ನು ಅವಳ ಚಿಕ್ಕಪ್ಪ ಬಂದು ಕೊಡಬಹುದು! ಹೀಗೆಂದು ಅವರ ಮುಖಕ್ಕೆ ಹೇಳಿದೆ. ನನ್ನ ದನಿ ಹೊರಗಿನ ಬೆಂಚಿನಲ್ಲಿ ಕೂತಿದ್ದ ರೋಗಿಗಳಿಗೆಲ್ಲ ಕೇಳಿಸಿತಂತೆ. ಕೇಳಿಸಲಿ ಎಂದೇ ಹೇಳಿದ್ದು.

ಅಲ್ಲಿಂದ ನೇರ ಚಾಂಪಿಯನ್ ರೀಫ್ಸಿಗೆ ನಡೆದೆ. ಗಾಳಿ ಎದುರಿಗೆ ಬಡಿಯುತ್ತಿತ್ತು, ಬಿಳಿ ಸೀರೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಚಿಕ್ಕಪ್ಪ ಪಾಳಿ ಮುಗಿಸಿ ಬಂದು ಮನೆ ಮುಂದಿನ ಕಲ್ಲಿನ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿತು.

"ಬಾರಮ್ಮಣ್ಣಿ. ಯಂಕ್ಟೇಸ ಎಂಗ್ ಮಾಡ್ತಾವ್ನೆ ಕೆಲ್ಸ?"

"ನನ್ನ ಕೆಲಸ ಬಿಡ್ತೀನಿ ಅಂತ ಹೇಳೋಕೆ ನೀನ್ಯಾರು ಚಿಕ್ಕಪ್ಪ?"

ಹಾಗೆ ನಾನು ಅವನೊಂದಿಗೆ ಎಂದೂ ಮಾತಾಡಿದವಳಲ್ಲ. ಅಕ್ಕಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಅವನು ಎಣ್ಣೆಯ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದ.

"ಇದೇನಮ್ಮ ಇಂಗಂತೀಯ? ನೀನ್ ಓದಾಕ್ ಓಗು, ಯಾರ್ ಬ್ಯಾಡ ಅಂದೋರು? ಆದ್ರೆ ಕೆಲ್ಸ ಮನೆ ಬಿಟ್ ಓಗ್ಬಾರ್ದು ಕಣಮ್ಮ. ನಾಳೆ ನಾನ್ ಗಣಿ ಬಿಟ್ರೆ ದೊಡ್ಡೋನು ಇಳೀತಾನೆ. ಅಂಗೇ ನಿನ್ ಬದ್ಲು ಇವ್ನು. ಇದ್ರಾಗೆ ತಪ್ಪೇನೈತೆ?"

"ನಾನು ಬಿಡ್ತಿರಲಿಲ್ಲ. ರಜ ತಗೊಂಡಿದ್ದೆ. ತಿರುಗಿ ಬರೋಳಿದ್ದೆ."

"ತಿರ್ಗಿ ಬರೋದಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಬೀಯಸ್ಸಿ ಓದ್ದೋಳು ತಿರ್ಗಿ ಬಂದು ಅದೇ ನರ್ಸ್ ಕೆಲ್ಸ ಮಾಡ್ತಾಳಾ? ನೀನ್ ಡಾಕ್ಟ್ರಾಗ್ಬುಡ್ತೀಯ ಅಂತ ನಾನು ಲೈನ್ಗೆಲ್ಲ ಏಳ್ಕೊಂಡ್ ಬಂದಿವ್ನಲ್ಲಮ್ಮ!"

ನಗಬೇಕಿತ್ತು, ಆಗಲಿಲ್ಲ. "ಮೊನ್ನೆ ನನ್ನೆದುರಿಗೇ ಕೂತು ಉಪ್ಪಿಟ್ಟು ತಿಂದೆಯಲ್ಲ, ಆಗ ಒಂದು ಮಾತು ನನ್ನನ್ನ ಕೇಳಬಾರದಾಗಿತ್ತಾ?"

"ಕೇಳೋದೇನೈತೆ? ಮನೆ ಇರೀಕ ನಾನಲ್ವಾ?"

ಅವನ ಕಣ್ಣಲ್ಲಿ ಮೋಸ ಇರಲಿಲ್ಲ. ಮೋಸ ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಊರನ್ನೆಲ್ಲ ಎದುರು ಹಾಕಿಕೊಂಡು ನನ್ನನ್ನು ಓದಿಸಿದ ಮನುಷ್ಯ, ಓದಿದ ನನಗೂ ಒಂದು ಮಾತು ಇರುತ್ತದೆ ಎನ್ನುವುದನ್ನು ಯೋಚಿಸಿಯೇ ಇರಲಿಲ್ಲ. ಡಾಕ್ಟರನ್ನು ನಾನು ಮರೆಯಬಲ್ಲೆ, ಅವರು ಯಾರೋ. ಚಿಕ್ಕಪ್ಪ ನನ್ನವನು. ಸಿಟ್ಟೆಲ್ಲ ಅವನ ಪಾಲಿಗೇ ಉಳಿಯಿತು.

ಆ ಸಂಜೆ ವಾರ್ಡಿಗೆ ಹೋಗಿ ಆರ್ಮುಗಂನ ಹಾಸಿಗೆಯ ಬಳಿ ನಿಂತೆ. ಮೇಜಿನ ಮೇಲೆ ತಲೆಯಿಟ್ಟು ಅವನು ಜೊಂಪಿನಲ್ಲಿದ್ದ. ಟೆಂಪರರಿ ಎಂದು ಇಲ್ಲೇ ಇದ್ದರೆ ಇವನನ್ನು ನೋಡಿಕೊಳ್ಳಬಹುದು. ಬಿ.ಎ. ಆಗುತ್ತದೆ, ಅವ್ವನಿಗೆ ಸಮಾಧಾನ, ಲೈನಿನಲ್ಲಿ ಮರ್ಯಾದೆ. ಹೋದರೆ ತಿರುಗಿ ಬರುವ ಜಾಗ ಇಲ್ಲ, ಫೇಲಾದರೆ ಅದೂ ಇಲ್ಲ ಇದೂ ಇಲ್ಲ. ಉಳಿಸಿದ ದುಡ್ಡು ಎರಡನೇ ವರ್ಷಕ್ಕೆ ಸಾಲುವುದಿಲ್ಲ. ಯೋಚಿಸಿದಷ್ಟೂ ಇರುವುದೇ ಜಾಣತನ ಎನಿಸುತ್ತಿತ್ತು. ಅಷ್ಟರಲ್ಲಿ ಅವನು ಎಚ್ಚರಗೊಂಡು ಕೆಮ್ಮತೊಡಗಿದ. ಬೆನ್ನು ಹಿಡಿದು ಕೂತೆ. "ಹೇಳಿದಷ್ಟು ಮಾಡಿ" ಎಂಬ ಮಾತು ನೆನಪಾಯಿತು. ಇಲ್ಲಿದ್ದರೆ ಸಾಯುವ ತನಕ ಹೇಳಿದಷ್ಟು ಮಾಡಿಕೊಂಡೇ ಇರುತ್ತೇನೆ ಎಂದು ಖಚಿತವಾಗಿ ಗೊತ್ತಾಯಿತು. ಕೋಣೆಗೆ ಹೋಗಿ ಟ್ರಂಕು ತುಂಬತೊಡಗಿದೆ. ಅನ್ನಮ್ಮ ಸೀರೆಗಳನ್ನು ಮಡಿಸಿಕೊಟ್ಟಳು.

ಹೊರಡುವ ದಿನ ವೆಂಕಟೇಶನೇ ಟ್ರಂಕು ಹೊತ್ತ. ಅವನನ್ನು ಕಂಡರೆ ಮೈ ಉರಿಯುತ್ತಿತ್ತು, ಆದರೂ ಬೇಡ ಎನ್ನಲಿಲ್ಲ. ಚಾಂಪಿಯನ್ ಸ್ಟೇಷನ್ನಿನಿಂದ ಬಂಗಾರಪೇಟೆಯ ಗಾಡಿಯಲ್ಲಿ ಅವನು ಎದುರಿಗೆ ಕೂತು ತಲೆ ತಗ್ಗಿಸಿಯೇ ಹೇಳಿದ: "ಅಕ್ಕಾ, ನೀನ್ ಬ್ಯಾಡ ಅಂದ್ರೆ ನಾಳೇನೇ ಬಿಟ್ಬುಡ್ತೀನಿ."

"ನೀನು ಬಿಟ್ಟರೆ ನನಗೆ ವಾಪಸ್ ಕೊಡ್ತಾರಾ? ಮಾಡು. ಆದರೆ ಅದು ನಾನು ಕೊಟ್ಟ ಕೆಲಸ ಅಂತ ಮಾತ್ರ ಯಾರ ಹತ್ತಿರನೂ ಹೇಳಬೇಡ" ಎಂದೆ. ಅವನು ತಲೆಯಾಡಿಸಿದ. ಆ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದ ಎನ್ನುವುದನ್ನು ಮೊದಲೇ ಹೇಳಿದ್ದೇನೆ.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮದ್ರಾಸಿನ ಕಡೆಯ ಗಾಡಿಗೆ ಕಾಯಬೇಕಿತ್ತು. ಹಳ್ಳಿಯಿಂದ ಅವ್ವ ಬಂದಿದ್ದಳು, ಮಡಿಲಲ್ಲಿ ರಾಗಿ ಹಿಟ್ಟಿನ ಗಂಟು, ಹುರಿದ ಕಡಲೆಕಾಯಿ. "ಅಲ್ಲಿ ಬರೀ ಅಕ್ಕಿ ತಿಂತಾರಂತೆ ಕಣೇ" ಎಂದು ಅಳುತ್ತಿದ್ದಳು. ಚಿಕ್ಕಪ್ಪ ಒಗೆದ ಅಂಗಿ ಹಾಕಿಕೊಂಡು, ರುಮಾಲು ಸುತ್ತಿ ಬಂದಿದ್ದ. ಆ ಜಗಳವಾದ ಮೇಲೆ ನಾವು ಮಾತಾಡಿರಲಿಲ್ಲ. ಗಾಡಿ ಬಂದು ನಿಂತಿತು. ಅವ್ವನ ಕಾಲಿಗೆ ಬಿದ್ದೆ. ಎದ್ದು ನೋಡಿದರೆ ಪಕ್ಕದಲ್ಲಿ ಚಿಕ್ಕಪ್ಪ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಟ್ಟಗೆ ನಿಂತಿದ್ದ. ದೂರ ಹೊರಟವರು ಹಿರಿಯರ ಕಾಲಿಗೆ ಬೀಳುವಾಗ ಹಿರಿಯರು ಹಾಗೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಹರಸುವುದಕ್ಕೆಂದು ಬಲಗೈ ಅರ್ಧ ಎತ್ತಿಯೂ ಇದ್ದ.

ನಾನು ಬೀಳಲಿಲ್ಲ. ಟ್ರಂಕನ್ನು ಒಳಗೆ ತಳ್ಳಿಸಿ, ಗಾಡಿ ಹತ್ತಿ, ಕಿಟಕಿಯ ಪಕ್ಕ ಕೂತೆ. "ಚಿಕ್ಕಪ್ಪಂಗೆ, ಚಿಕ್ಕಪ್ಪಂಗೆ" ಎಂದು ಅವ್ವ ಕೆಳಗಿನಿಂದ ಕೂಗುತ್ತಿದ್ದಳು. ಗಾಡಿ ಕದಲಿತು. ಅವನು ಎತ್ತಿದ ಕೈಯನ್ನು ಇಳಿಸದೆ, ಚಪ್ಪಲಿಯನ್ನು ಮತ್ತೆ ಮೆಟ್ಟದೆ ಹಾಗೇ ನಿಂತಿದ್ದ. ಪ್ಲಾಟ್‌ಫಾರಂ ಮುಗಿಯುವವರೆಗೂ ನನಗೆ ಕಾಣುತ್ತಿದ್ದ. ಅಳು ಬಂತು, ಅತ್ತೆ. ಇಳಿದು ಹೋಗಿ ಕಾಲಿಗೆ ಬೀಳಬೇಕೆಂದು ಮಾತ್ರ ಅನ್ನಿಸಲಿಲ್ಲ.

ಮುಂದಿನದು ಉದ್ದದ ಕತೆಯಲ್ಲ. ಕಾಲೇಜಿನಲ್ಲಿ ಒಂದು ಬೆಳಗ್ಗೆ ಪಾಠ ಮಾಡುವ ಸಿಸ್ಟರು ಬೋರ್ಡಿನ ಮೇಲೆ ಎದೆಗೂಡು ಬರೆದು, ಬಾಗಿ ಕೂತು ಕೈ ಊರಿದಾಗ ಕತ್ತು ಹೆಗಲಿನ ಸ್ನಾಯುಗಳೂ ಉಸಿರಿಗೆ ಹೇಗೆ ಜೊತೆ ಕೊಡುತ್ತವೆ ಎಂದು ವಿವರಿಸಿದರು. ಬರೆದುಕೊಳ್ಳುವುದನ್ನು ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ಇಷ್ಟೇ ಮಾತು! ಆ ಡಾಕ್ಟರಿಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ಆರ್ಮುಗಂ ಆ ಮಳೆಗಾಲ ದಾಟಲಿಲ್ಲ ಎಂದು ಆಮೇಲೆ ಅನ್ನಮ್ಮನಿಂದ ತಿಳಿಯಿತು. ರಜೆಯಲ್ಲೆಲ್ಲ ನರ್ಸಿಂಗ್ ಹೋಮುಗಳಲ್ಲಿ ದುಡಿದು ಎರಡನೇ ವರ್ಷ ಮುಗಿಸಿದೆ, ಬೇರೆ ಊರುಗಳಲ್ಲಿ ನರ್ಸುಗಳಿಗೆ ಪಾಠ ಹೇಳಿದೆ, ಏಕೆ ಎಂದು ಕೇಳಿದ ಹುಡುಗಿಯರನ್ನು ಎಂದೂ ಗದರಲಿಲ್ಲ. ನನ್ನ ಊರಿನ ವಾರ್ಡು ಮಾತ್ರ ನನಗೆ ಸಿಗಲಿಲ್ಲ. ನಾನು ಕಲಿಯಲು ಹೋದದ್ದೇ ಆ ಕೆಮ್ಮುವ ಎದೆಗಳಿಗಾಗಿ. ಅವರ ಹತ್ತಿರ ನಿಂತು ಕೆಲಸ ಮಾಡುವ ಹಕ್ಕನ್ನು ಉಪ್ಪಿಟ್ಟು ತಿಂದ ಕೈಯಿಂದ ಯಾರೋ ದಾಟಿಸಿಬಿಟ್ಟರು.

ಮೊನ್ನೆ ಊಟವಾದ ಮೇಲೆ ವೆಂಕಟೇಶನ ಹೆಂಡತಿ ನನ್ನನ್ನು ಒಳಗೆ ಕರೆದಳು. ಗೋಡೆಯ ಮೇಲೆ ಚಿಕ್ಕಪ್ಪನ ಫೋಟೊ, ಅದೇ ರುಮಾಲು, ಕುಂಕುಮ, ಊದುಬತ್ತಿ. ಅವಳು ತಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ಹಿಡಿದು ನಿಂತಳು.

"ಮಾವನೋರ್ಗೆ ನಿಮ್ ಕೈಯಿಂದ್ಲೇ ಊವಾ ಇಡಿ ಅತ್ಗೆ. ಸಾಯೋವಾಗ್ಲೂ ನಿಮ್ನೇ ನೆನಿಸ್ಕೊತಿದ್ರು."

ಮನೆಯವರೆಲ್ಲ ಹಿಂದೆ ಬಂದು ನಿಂತಿದ್ದರು. ವೆಂಕಟೇಶ ಕಣ್ಣು ಒರೆಸಿಕೊಳ್ಳುತ್ತಿದ್ದ. ಫೋಟೊದಲ್ಲಿ ಚಿಕ್ಕಪ್ಪ, ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತ ಹಾಗೇ, ಕಾದುಕೊಂಡಿದ್ದ. ನನಗೆ ಅವನ ಮೇಲೆ ಪ್ರೀತಿ ಇತ್ತು, ಈಗಲೂ ಇದೆ. ತಟ್ಟೆಯಿಂದ ಮಲ್ಲಿಗೆ ಎತ್ತಿಕೊಂಡೆ, ಒಮ್ಮೆ ಮೂಸಿದೆ, ನನ್ನ ಬೆಳ್ಳನೆಯ ತುರುಬಿಗೇ ಮುಡಿದುಕೊಂಡು ಹೊರಗೆ ಬಂದೆ.